ನೀರು ಮಾಗುವ ತನಕ

ಬಾಟಲಿಯ ಮುಚ್ಚಳ ತಿರುವಿದ್ದೇ ತಡ, ಆ ವಾಸನೆ ಬಂತು. ಪಾಚಿ, ತಳದ ಮಣ್ಣು, ಕೊಳೆತ ಬೇವಿನೆಲೆ, ಹಗಲೆಲ್ಲ ಬಿಸಿಲಿಗೆ ಕಾದ ಕಲ್ಲು, ಎಲ್ಲ ಸೇರಿದ ನಿಂತ ನೀರಿನ ವಾಸನೆ. ಲಿಂಗಸುಗೂರಿನ ಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ನೀರಿನ ಜೀವಿಗಳ ಪಾಠ ಬಂದಾಗಲೆಲ್ಲ ನಿಮ್ಮೂರಿನ ಕೆರೆಯದೋ ಹಳ್ಳದ್ದೋ ಒಂದು ಬಾಟಲಿ ನೀರು ತನ್ನಿ ಎಂದು ಮಕ್ಕಳಿಗೆ ಹೇಳುತ್ತೇನೆ, ಅವರು ನಳದ ನೀರು ಹಿಡಿದು ತಂದು ಕೆರೆಯದು ಎನ್ನುತ್ತಾರೆ, ನಾನೂ ನಂಬಿದ ಹಾಗೆ ಮಾಡುತ್ತೇನೆ. ಈ ಸಲ ಗುರುಗುಂಟಾದಿಂದ ಬಸ್ಸಿಗೆ ಬರುವ ಒಬ್ಬ ಹುಡುಗಿ ನಿಜವಾಗಿಯೂ ಕೆರೆಯ ನೀರನ್ನೇ ತಂದಿದ್ದಳು. ಬಾಟಲಿಯ ತಳದಲ್ಲಿ ಕೆಸರಿನ ಬಣ್ಣದ, ಆರು ಕಾಲಿನ, ಮುಟ್ಟಲು ಮನಸ್ಸಾಗದ ಒಂದು ಪ್ರಾಣಿ ಸುಮ್ಮನೆ ಕೂತಿತ್ತು. "ಇದು ಚೇಳಿನ ಮರಿ ಏನ್ರೀ ಟೀಚರ್?" ಎಂದಳು. ಅಲ್ಲ, ಏರೋಪ್ಲೇನ್ ಚಿಟ್ಟೆಯ ಮರಿ ಎಂದೆ. ಇಡೀ ತರಗತಿ ನಕ್ಕಿತು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರಲ್ಲ, ಹಾಗೆ ಈ ಮರಿಯನ್ನು ಮುದ್ದು ಎನ್ನಬೇಕಾದರೆ ಅದರ ತಾಯಿಯೇ ಆಗಬೇಕು. ತಿಂಗಳುಗಟ್ಟಲೆ ನೀರಿನೊಳಗೆ ಇರುತ್ತದೆ, ಸೊಳ್ಳೆಯ ಮರಿಗಳನ್ನು ತಿನ್ನುತ್ತದೆ, ಆಮೇಲೆ ಒಂದು ದಿನ ಯಾವುದಾದರೂ ಕಡ್ಡಿ ಹಿಡಿದು ಮೇಲೆ ಹತ್ತಿ, ಬೆನ್ನು ಸೀಳಿಕೊಂಡು, ರೆಕ್ಕೆ ಒಣಗಿಸಿಕೊಂಡು ಹಾರಿ ಹೋಗುತ್ತದೆ ಎಂದು ವಿವರಿಸಿದೆ. "ಮತ್ತ ಇದನ್ನ ಯಾರು ತಿಂತಾರ್ರೀ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಮೀನು ಎಂದೆ. ಅಷ್ಟು ಹೇಳಿದ ಮೇಲೆ ಮುಂದೆ ಪಾಠ ಮಾಡಲು ಆಗಲಿಲ್ಲ. ಚಿತ್ರ ಬರೆಯಿರಿ ಎಂದು ಹೇಳಿ ಕಿಟಕಿಯ ಹತ್ತಿರ ಹೋಗಿ ನಿಂತೆ.

ನಮ್ಮ ಮನೆ ಬಳಗಾನೂರಿನ ಅಂಚಿಗೆ, ಕಾಲುವೆಯ ಕೊನೆಯ ತೂಬಿನ ಹತ್ತಿರ ಇತ್ತು. ಇತ್ತು ಎಂದೇ ಹೇಳಬೇಕು. ರಸ್ತೆ ಅಗಲ ಮಾಡುವಾಗ ಮನೆಯ ಮುಂದಿನ ಅಂಕಣ ಹೋಯಿತು, ಉಳಿದದ್ದನ್ನು ಮಾರಿ ಅಪ್ಪ ಮಸ್ಕಿಗೆ ಬಂದ, ಕೊಂಡವರು ಹಿತ್ತಲನ್ನು ಸಮ ಮಾಡಿ ಭತ್ತ ಒಣಗಿಸಲು ಸಿಮೆಂಟಿನ ಕಣ ಹಾಕಿಸಿದರು. ಆ ಕಣದ ಕೆಳಗೆ ನಮ್ಮ ಹೊಂಡ ಇದೆ. ನಾನು ಹುಟ್ಟುವ ಮೊದಲೇ ತೀರಿಕೊಂಡ ತಾತ ಅದನ್ನು ತೋಡಿಸಿದ್ದನಂತೆ. ಮೂರು ಕಡೆ ಮಣ್ಣಿನ ದಂಡೆ, ಒಂದು ಕಡೆ ಐದು ಕಲ್ಲಿನ ಮೆಟ್ಟಿಲು, ಸುತ್ತ ಒಂದು ಪೇರಲ, ಎರಡು ಲಿಂಬೆ, ಒಂದು ಕರಿಬೇವು, ಮೇಲೆ ನೆರಳಿಗೆ ಬೇವು. ದಂಡೆಯ ಮೇಲೆ ಅಮ್ಮ ಹಚ್ಚಿದ ಮಲ್ಲಿಗೆ ಬಳ್ಳಿ ನೀರಿನ ತನಕ ಇಳಿದು ಬಂದಿತ್ತು. ಅಮ್ಮ ಎಂದರೆ ನಮ್ಮಲ್ಲಿ ಅಜ್ಜಿ, ಅಪ್ಪನ ತಾಯಿ. ಹೆತ್ತವಳಿಗೆ ನಾವು ಅವ್ವ ಎನ್ನುತ್ತೇವೆ. ಹೊರಗಿನವರಿಗೆ ಇದು ಗೊಂದಲ, ನಮಗೆ ಎಂದೂ ಗೊಂದಲವಾಗಿಲ್ಲ. ಕಾಲುವೆಯ ಮೇಲ್ಭಾಗದವರಿಗೆ ಯುಗಾದಿ ದಾಟಿದರೂ ನೀರು ಹರಿಯುತ್ತಿತ್ತು. ಕೊನೆಯವರಾದ ನಮಗೆ ಶಿವರಾತ್ರಿಯ ಹೊತ್ತಿಗೆ ಕಡೆಯ ಪಾಳಿ ಮುಗಿಯುತ್ತಿತ್ತು. ಆ ಕಡೆಯ ಪಾಳಿಯ ನೀರನ್ನು ಹೊಂಡಕ್ಕೆ ಬಿಟ್ಟುಕೊಂಡರೆ ಶ್ರಾವಣದ ತನಕ ಕುಡಿಯಲು ಅದೇ. ಮನೆಯ ಬಾವಿಯ ನೀರು ಸವಳು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಬರುತ್ತಿರಲಿಲ್ಲ, ಕುಡಿದರೆ ಮತ್ತಷ್ಟು ನೀರಡಿಕೆ.

ನೀರು ಬಿಡುವ ದಿನ ಅಮ್ಮ ತಾನೇ ಹೋಗಿ ಹೊಂಡಕ್ಕೆ ನೀರು ಬೀಳುವ ಬಾಯಿಗೆ ತಾತನ ಹಳೆಯ ಧೋತರವನ್ನು ಎರಡು ಮಡಿಕೆ ಮಾಡಿ ಕಟ್ಟುತ್ತಿದ್ದಳು. ಮಣ್ಣು ತಡೆಯಲು ಇರಬೇಕು ಎಂದುಕೊಂಡಿದ್ದೆ. ಅಲ್ಲವಂತೆ. "ಮಣ್ಣು ಬಂದ್ರ ತಳಕ್ಕ ಕುಂದರತೈತಿ. ಮೀನ ಬಂದ್ರ ಕುಂದ್ರಂಗಿಲ್ಲ" ಎಂದಿದ್ದಳು. ಹೊಂಡದಲ್ಲಿ ಮೀನು ಇರಬಾರದು ಎನ್ನುವುದು ನಮ್ಮ ಮನೆಯ ಕಾನೂನು. ಯಾಕೆ ಎಂದು ಕೇಳಿದವರಿಲ್ಲ, ಅವಳೂ ಹೇಳಿದವಳಲ್ಲ. ತುಂಬಿದ ಹೊಂಡವನ್ನು ಕೂಡಲೇ ಮುಟ್ಟುವಂತಿರಲಿಲ್ಲ, ಅಲ್ಲಿಯ ತನಕ ಬಾವಿಯ ಸವಳು ನೀರೇ ಗತಿ. ಹೊಸ ನೀರು ಹಸಿ ನೀರು, ಅದು ಮಾಗಬೇಕು ಎನ್ನುತ್ತಿದ್ದಳು ಅಮ್ಮ, ಹುಲ್ಲಿನಲ್ಲಿಟ್ಟ ಹಣ್ಣಿನ ಮಾತು ಆಡಿದ ಹಾಗೆ. ಮೊದಲು ಚಹಾದ ಬಣ್ಣ ಇರುತ್ತಿದ್ದ ನೀರು ದಿನದಿಂದ ದಿನಕ್ಕೆ ತಿಳಿಯಾಗಿ, ಮೊದಲ ಮೆಟ್ಟಿಲು ಕಂಡು, ಎರಡನೆಯದು ಕಂಡು, ಮೂರನೆಯದರ ಮೇಲಿನ ಪಾಚಿ ಕಂಡು, ಒಂದು ದಿನ ಇಮಾನ ಹುಳ ಬರುತ್ತಿತ್ತು. ಏರೋಪ್ಲೇನ್ ಚಿಟ್ಟೆಗೆ ನಮ್ಮೂರಿನ ಮಕ್ಕಳು ಇಟ್ಟ ಹೆಸರು ಅದು. ಅಮ್ಮನಿಗೆ ಅದು ಬರೀ ಹುಳ. ಮೊದಲು ಹಳದಿ ಸಣ್ಣವು, ಆಮೇಲೆ ನೀಲಿ, ಕಡೆಗೆ ಕೆಂಪು. ಕೆಂಪು ಹುಳ ಬಂದು ಹೊಂಡದ ನಡುವಿನ ಜಾಲಿ ಗೂಟದ ಮೇಲೆ ಕೂತರೆ ನೀರು ಮಾಗಿತು ಎಂದು ಅರ್ಥ. ಅಂದು ಮೆಟ್ಟಿಲಿಗೆ ಅರಿಸಿನ ಕುಂಕುಮ ಹಚ್ಚಿ, ಬೇವಿನ ಹೂ ಬೆಲ್ಲ ಇಟ್ಟು, ಮೊದಲ ಚೆಂಬಿನ ನೀರನ್ನು ಮನೆಯ ಅತಿ ಚಿಕ್ಕ ಮಗುವಿಗೆ ಕುಡಿಸಿ ಹೊಂಡ ತೆರೆಯುತ್ತಿದ್ದರು. ಬಹಳ ವರ್ಷ ಆ ಅತಿ ಚಿಕ್ಕ ಮಗು ನಾನೇ ಆಗಿದ್ದೆ, ಆ ಹೆಮ್ಮೆಯನ್ನು ಈಗಲೂ ಬಿಟ್ಟುಕೊಡಲಾರೆ.

ಇದು ಅಮ್ಮನ ಹಟ ಅಲ್ಲ ಎಂದು ನನಗೆ ತಿಳಿದದ್ದು ಅವ್ವನಿಂದ. ಅಪ್ಪನಿಗಿಂತ ಮೊದಲು ಅಮ್ಮನಿಗೆ ಒಬ್ಬ ಮಗ ಹುಟ್ಟಿದ್ದನಂತೆ. ಎರಡು ವರ್ಷದ ಕೂಸು. ಹೊಂಡ ತೋಡಿಸಿದ ಮೊದಲ ವರ್ಷ, ತುಂಬಿಸಿದ ನಾಲ್ಕನೆಯ ದಿನ, ನೀರು ಬಂತಲ್ಲ ಎಂಬ ಸಂಭ್ರಮದಲ್ಲಿ ಅದನ್ನೇ ಕಾಸಿ ಕುಡಿಸಿದ್ದರು. ವಾಂತಿ ಭೇದಿ ಶುರುವಾಗಿ, ಸಿಂಧನೂರಿನ ದವಾಖಾನೆಗೆ ಬಂಡಿ ಕಟ್ಟುವ ಹೊತ್ತಿಗೆ ಕೂಸು ಹೋಗಿತ್ತು. ಅದೇ ನೀರಿನಿಂದ ಹೋಯಿತೋ, ಬೇರೆ ಏನಾದರೂ ಇತ್ತೋ ಯಾರಿಗೆ ಗೊತ್ತು. ಅಮ್ಮನಿಗೆ ಮಾತ್ರ ಗೊತ್ತಿತ್ತು. ಮುಂದಿನ ವರ್ಷ ಅವಳು ಹೊಂಡದ ದಂಡೆಯ ಮೇಲೆ ಕೂತು ನೀರನ್ನು ದಿನಾಲೂ ನೋಡಿದಳು, ಯಾವಾಗ ಏನು ಹುಟ್ಟುತ್ತದೆ, ಏನು ಬರುತ್ತದೆ ಎಂದು ನೋಡಿದಳು, ಕೆಂಪು ಹುಳ ಬಂದ ದಿನ ತಾನು ಕುಡಿದಳು. ಅಲ್ಲಿಂದ ಮುಂದೆ ಅದೇ ಲೆಕ್ಕ. ಇಂಥ ಹುಳ ಬದುಕುವ ನೀರು ಬಹುಮಟ್ಟಿಗೆ ಚೊಕ್ಕಟ ಎಂದು ಈಗ ನಾನು ಓದಿದ ಪುಸ್ತಕಗಳೂ ಸುಮಾರು ಅದನ್ನೇ ಹೇಳುತ್ತವೆ. ಅವಳು ಮಗನನ್ನು ಕಳೆದುಕೊಂಡು ಕಲಿತಳು, ನಾನು ಪುಸ್ತಕ ಓದಿ ಕಲಿತೆ.

ನನಗೆ ಏಳೋ ಎಂಟೋ ತುಂಬುವ ಹೊತ್ತಿಗೆ ಅಮ್ಮನ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತವರು ಯಾರೆಂದು ಧ್ವನಿಯಿಂದ ಗುರುತು ಹಿಡಿಯುತ್ತಿದ್ದಳು. ಹೊಂಡದ ತನಕ ನನ್ನ ಹೆಗಲು ಹಿಡಿದು ಬಂದು ಮೇಲಿನ ಮೆಟ್ಟಿಲಿನ ಮೇಲೆ ಕೂಡುತ್ತಿದ್ದಳು, ನಾನು ಅವಳ ಪಕ್ಕಕ್ಕೆ. ಶಾಲೆ ಮುಂಜಾನೆಯದಾದ ಮೇಲೆ ಮಧ್ಯಾಹ್ನವೆಲ್ಲ ನಮ್ಮದೇ. ಬೇವಿನ ಹೂ ನೀರಿನ ಮೇಲೆ ಉದುರುತ್ತಿತ್ತು, ಗಾಳಿ ಬಂದಾಗ ಅವೆಲ್ಲ ಒಂದು ಮೂಲೆಗೆ ಸರಿದು ಹೋಗುತ್ತಿದ್ದವು. ಅಮ್ಮನ ಸೀರೆಯಿಂದ ಎಲೆ ಅಡಿಕೆಯ, ಕೊಬ್ಬರಿ ಎಣ್ಣೆಯ, ಅದನ್ನು ಮಡಿಚಿಟ್ಟಿದ್ದ ಪೆಟ್ಟಿಗೆಯ ವಾಸನೆ. ಅವಳು ಕೇಳುವುದು, ನಾನು ಹೇಳುವುದು. "ಈಗ ಏನ್ ಮಾಡಾಕತ್ತೈತಿ?" ಬಾಲವನ್ನು ನೀರಿಗೆ ಮುಟ್ಟಿಸಿ ಮುಟ್ಟಿಸಿ ಹಾರುತ್ತಿದೆ ಎನ್ನುತ್ತಿದ್ದೆ. "ತತ್ತಿ ಇಡಾಕತ್ತೈತಿ. ಸುಮ್ನ ಕುಂದರು, ಬಸುರಿಗೆ ತ್ರಾಸ ಕೊಡಬಾರದು." ಹೀಗೆ ಗಂಟೆಗಟ್ಟಲೆ. ಆಕಾಶದ ಬಣ್ಣದ್ದು, ಒಣಮೆಣಸಿನಕಾಯಿ ಬಣ್ಣದ್ದು, ರೆಕ್ಕೆಯ ಬುಡದಲ್ಲಿ ಬೆಲ್ಲದ ಪಾಕ ಚೆಲ್ಲಿದಂತಿದ್ದದ್ದು, ಯಾವುದನ್ನೂ ನಾನು ಬಿಡುತ್ತಿರಲಿಲ್ಲ. ನನ್ನ ಕಣ್ಣನ್ನು ತಿದ್ದಿದವಳು ಕಣ್ಣು ಕಾಣದ ಆಕೆ. ಕೆಂಪು ಹುಳ ಕಂಡಾಗ ಮಾತ್ರ ನಾನು ಅವಳಿಗೆ ಹೇಳುತ್ತಿರಲಿಲ್ಲ, ಊರಿಗೇ ಕೇಳುವಂತೆ ಒದರುತ್ತಿದ್ದೆ. ಅವಳು ಕಿವಿ ಮುಚ್ಚಿಕೊಂಡು ನಗುತ್ತಿದ್ದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬರು ಇದ್ದಿರಬೇಕು, ಕೇಳುವುದಕ್ಕೆಂದೇ ಕೂತವರು. ಅವರು ಹೋದ ಮೇಲೆ ನಾವು ನೋಡುವುದೂ ಕಡಿಮೆಯಾಗುತ್ತದೆ.

ಇನ್ನು ನನ್ನ ತಪ್ಪಿನ ಮಾತು. ಕಾಲುವೆ ಬಂದ್ ಆದ ಮೇಲೆ ಅಲ್ಲಲ್ಲಿ ತಗ್ಗುಗಳಲ್ಲಿ ನೀರು ನಿಲ್ಲುತ್ತದೆ. ದಿನ ಕಳೆದಂತೆ ಆ ತಗ್ಗು ಬತ್ತಿ, ಬೆರಳುದ್ದದ ಮೀನುಗಳು ಕೆಸರಿನಲ್ಲಿ ಒದ್ದಾಡುತ್ತವೆ, ಕೊಕ್ಕರೆಗಳು ಸಾಲಾಗಿ ನಿಂತಿರುತ್ತವೆ. ನಮ್ಮ ಮನೆಯಲ್ಲಿ ಮೀನು ತಿನ್ನುವ ರೂಢಿ ಇರಲಿಲ್ಲ, ಹಾಗಾಗಿ ಮೀನು ಎಂದರೆ ನನಗೆ ಆಹಾರ ಅಲ್ಲ, ಜೀವ. ಒಂದು ಬೇಸಿಗೆ ಅವು ಬಾಯಿ ತೆರೆದು ಮುಚ್ಚುವುದನ್ನು ನೋಡಲಾರದೆ, ಕಾಲುವೆಯ ತಗ್ಗಿನಿಂದ ಒಂದು ತಂಬಿಗೆಯ ತುಂಬ ಹಿಡಿದು ತಂದು ಯಾರೂ ಇಲ್ಲದ ಹೊತ್ತಿನಲ್ಲಿ ಹೊಂಡಕ್ಕೆ ಬಿಟ್ಟೆ. ಕಾನೂನು ಗೊತ್ತಿತ್ತು. ಆದರೆ ಏಳೆಂಟು ಮೀನಿನಿಂದ ಏನಾಗುತ್ತದೆ ಎಂದುಕೊಂಡೆ. ನೀರಿಗೆ ಬಿದ್ದ ಕೂಡಲೇ ಅವು ಬಾಣದಂತೆ ಆಳಕ್ಕೆ ಇಳಿದು ಹೋದವು. ಪುಣ್ಯದ ಕೆಲಸ ಮಾಡಿದೆ ಎಂದು ಅಂದು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಅವ್ವ ಆಮೇಲೆ ಒಂದೆರಡು ಸಲ ಕೊಡದಲ್ಲಿ ಮೀನು ಕಂಡು ಮರಳಿ ಬಿಟ್ಟಿದ್ದಳಂತೆ. ನೀರಿನಲ್ಲಿ ಮೀನಿರದೆ ಆಕಳು ಇರುತ್ತದೆಯೇ ಎಂದುಕೊಂಡು ಸುಮ್ಮನಾಗಿದ್ದಳು. ಅಮ್ಮನಿಗೆ ಕಾಣುತ್ತಿರಲಿಲ್ಲ.

ಮರುವರ್ಷ ಹೊಂಡ ತುಂಬಿತು, ನೀರು ತಿಳಿಯಾಯಿತು, ಮೂರನೆಯ ಮೆಟ್ಟಿಲಿನ ಪಾಚಿಯೂ ಕಂಡಿತು, ಹುಳ ಬರಲಿಲ್ಲ. ಹಳದಿಯೂ ಇಲ್ಲ, ನೀಲಿಯೂ ಇಲ್ಲ. ಮೊದಮೊದಲು ನಾವಿಬ್ಬರೂ ಚಳಿ ಹೆಚ್ಚಾಯಿತು, ಗಾಳಿ ಹೆಚ್ಚಾಯಿತು ಎಂದು ಸಮಾಧಾನ ಮಾಡಿಕೊಂಡೆವು. ಯುಗಾದಿ ಬಂತು, ಹೋಯಿತು. ಆ ವರ್ಷ ಕಾಕಾನ ಹೆಂಡತಿ, ನಮ್ಮ ಚಿಗವ್ವ, ನಾಲ್ಕು ತಿಂಗಳ ಬಸುರಿ. ಮದುವೆಯಾಗಿ ಆರು ವರ್ಷಕ್ಕೆ ನಿಂತ ಬಸಿರು. ಬಾವಿಯ ಸವಳು ನೀರು ಗಂಟಲಲ್ಲಿ ಇಳಿದರೆ ಸಾಕು ವಾಂತಿ ಮಾಡಿಕೊಳ್ಳುತ್ತಿದ್ದಳು. ಅಪ್ಪ ಸೈಕಲ್ಲಿಗೆ ಎರಡು ಕೊಡ ಕಟ್ಟಿಕೊಂಡು ಕಾಲುವೆ ಬಂದ ಮೇಲೆ ಹೊರಗಿನಿಂದ ಬಂದು ನೆಲೆಸಿದ ರೈತರ ಪಕ್ಕದ ಕ್ಯಾಂಪಿನ ಕೆರೆಯಿಂದ ನೀರು ತರುತ್ತಿದ್ದ. ಎಂಟು ದಿನ ಕೊಟ್ಟ ಅವರು, ಒಂಬತ್ತನೆಯ ದಿನ ನಮಗೇ ಸಾಲುವುದಿಲ್ಲ ಎಂದರು, ಅವರದೂ ತಪ್ಪಲ್ಲ. ಅಂದು ಅಪ್ಪ ಖಾಲಿ ಕೊಡ ಕೆಳಗಿಟ್ಟು ಅಮ್ಮನ ಮುಂದೆ ನಿಂತ. ಹಿತ್ತಲಲ್ಲಿ ಹೊಂಡ ತುಂಬಿ ನಿಂತಿದೆ, ಮನೆಯಲ್ಲಿ ಬಸುರಿ ನೀರಿಲ್ಲದೆ ಒಣಗುತ್ತಿದ್ದಾಳೆ. ಯಾರಿಗಾದರೂ ಸಿಟ್ಟು ಬರುತ್ತದೆ.

"ಅವ್ವಾ, ನಾಳೆ ಹೊಂಡ ತೆರಿತೀನಿ. ಹುಳದ ದಾರಿ ಕಾಯಕೋಂತ ಕುಂತ್ರ ಆ ಹುಡುಗಿ ಗತಿ ಏನು?" ಎಂದು ತನ್ನ ತಾಯಿಗೆ ಕೇಳಿದ.

"ಹುಳ ಬರಲಿ."

"ಕಾಸಿ ಕೊಡೋಣು."

"ಅವತ್ತೂ ಕಾಸೇ ಕೊಟ್ಟಿದ್ದೆ" ಎಂದಳು ಅಮ್ಮ. ಅಪ್ಪ ಖಾಲಿ ಕೊಡ ಎತ್ತಿಕೊಂಡು ಹೊರಗೆ ಹೋದ. ಅವ್ವ ಒಲೆಯ ಮುಂದೆ ಕೂತು, ಅತ್ತೆಗೆ ಕೇಳಿಸುವಷ್ಟು ಗಟ್ಟಿಯಾಗಿ, ಯಾರಿಗೂ ಅಲ್ಲ ಎನ್ನುವಂತೆ, ಕಣ್ಣು ಕಾಣದವರ ಕೈಗೆ ಮನೆ ಕೊಟ್ಟರೆ ಹೀಗೇ ಎಂದಳು. ಅಮ್ಮ ಕೇಳಿಸಿಕೊಂಡಳು. ಅವಳ ಮುಖ ಒಂದಿಷ್ಟೂ ಬದಲಾಗಲಿಲ್ಲ, ಕೈ ಮಾತ್ರ ಎಲೆ ಅಡಿಕೆ ಚೀಲದ ದಾರವನ್ನು ಬಿಚ್ಚುವುದು ಕಟ್ಟುವುದು ಮಾಡುತ್ತಿತ್ತು. ಚಿಗವ್ವ ಪಡಸಾಲೆಯ ಮೂಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದಳು, ತುಟಿ ಬಿರಿದಿತ್ತು. "ನನ್ನ ಸಲುವಾಗಿ ಜಗಳ ಬ್ಯಾಡ್ರೀ ಅತ್ತಿ" ಎಂದಳು. ಅಷ್ಟು ಹೇಳುವುದಕ್ಕೂ ಅವಳಿಗೆ ದಣಿವಾಯಿತು.

ಮರುದಿನ ಮಧ್ಯಾಹ್ನ ಅಮ್ಮನ ಜೊತೆ ಹೊಂಡದ ಮೆಟ್ಟಿಲಿನ ಮೇಲೆ ಕೂತಾಗ ನಾನು ನಿರ್ಧಾರ ಮಾಡಿಯಾಗಿತ್ತು. ಜಾಲಿ ಗೂಟದ ಮೇಲೆ ಏನೂ ಇರಲಿಲ್ಲ. ನೀರಿನಾಳದಲ್ಲಿ, ಮಲ್ಲಿಗೆ ಬಳ್ಳಿಯ ನೆರಳಿನಲ್ಲಿ, ನನ್ನ ಮೀನುಗಳು ಗುಂಪಾಗಿ ತಿರುಗುತ್ತಿದ್ದವು. ಏಳೆಂಟಿದ್ದದ್ದು ಎಷ್ಟೋ ಆಗಿತ್ತು. ಅವುಗಳಿಗೂ ಹುಳಕ್ಕೂ ಸಂಬಂಧ ಇದೆ ಎಂಬುದು ನನಗೆ ಆಗ ಗೊತ್ತಿರಲಿಲ್ಲ, ಆದರೆ ಮುರಿದ ಕಾನೂನು ಒಂದು ಮನಸ್ಸಿನಲ್ಲಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ, ಅಮ್ಮ ಹೊಂಡ ಎಂದಾಗಲೆಲ್ಲ ನಾನು ಬೆಚ್ಚುತ್ತಿದ್ದೆ.

"ಅಮ್ಮ, ಕೆಂಪು ಹುಳ ಬಂದೈತಿ" ಎಂದೆ.

ಅವಳು ಮುಖವನ್ನು ನೀರಿನ ಕಡೆಗೆ ತಿರುವಿ ಹಾಗೇ ಕೂತಳು. ಬೇವಿನಲ್ಲಿ ಅಳಿಲು ಕೂಗುತ್ತಿತ್ತು. "ಎಲ್ಲಿ ಕುಂತೈತಿ?"

"ಗೂಟದ ಮ್ಯಾಲೆ."

"ರೆಕ್ಕಿ ಹೆಂಗ ಇಟ್ಟೈತಿ?"

"ಮುಂದಕ ಬಾಗಿಸಿ."

"ಹೌದು, ಕೆಂಪಂದು ಹಂಗ ಇಡತೈತಿ" ಎಂದಳು ಅಮ್ಮ. ನನ್ನ ಹೆಗಲು ಹಿಡಿದು ಎದ್ದಳು. "ನಿಮ್ಮಪ್ಪಗ ಹೇಳು, ನೀರು ಮಾಗ್ಯಾವ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ ನಾನು ಆ ಸಂಭ್ರಮದಲ್ಲಿ ಸೇರಿಕೊಂಡೆ. ಅರಿಸಿನ ಕುಂಕುಮ ಆಯಿತು, ಬೆಲ್ಲ ಆಯಿತು. ಚಿಗವ್ವನನ್ನು ಇಬ್ಬರು ಹಿಡಿದುಕೊಂಡು ಬಂದರು. ಅವ್ವ ಚೆಂಬು ತುಂಬಿ, ರೂಢಿಯಂತೆ ಚಿಕ್ಕವಳಾದ ನನಗೆ ಕೊಡಲು ಬಂದಳು. ಅಮ್ಮ ನಡುವೆ ಕೈ ಚಾಚಿ, ತಡಕಿ, ಆ ಚೆಂಬನ್ನು ಹಿಡಿದುಕೊಂಡಳು. "ಈ ವರ್ಷ ಮೊದಲು ನಾ ಕುಡಿತೀನಿ" ಎಂದಳು. ಒಂದು ಚೆಂಬು ಕುಡಿದಳು, ಇನ್ನೊಂದು ತುಂಬಿಸಿಕೊಂಡು ಅದನ್ನೂ ಕುಡಿದಳು, ಮೂರನೆಯದನ್ನೂ ಬಿಡಲಿಲ್ಲ. ಕುಡಿದು, ಬಾಯಿ ಒರಸಿಕೊಂಡು, ಮೆಟ್ಟಿಲಿಗೆ ಅಡ್ಡ ಕೂತಳು. "ಉಳಿದಾವ್ರು ನಾಳೆ ಮುಂಜಾನೆ. ಅಲ್ಲೀತನ ಯಾರೂ ಮುಟ್ಟಬ್ಯಾಡ್ರಿ." ಮುದುಕಿಗೆ ಅರಳು ಮರಳು ಎಂದು ಅಪ್ಪ ಗೊಣಗಿದ. ಆದರೆ ನಾಳೆ ಎಂಬ ಮಾತು ಸಿಕ್ಕಿತ್ತಲ್ಲ, ಒಂದು ದಿನ ತಾಳೋಣ ಎಂದು ಸುಮ್ಮನಾದ.

ಆ ಮಧ್ಯಾಹ್ನದಷ್ಟು ದೊಡ್ಡ ಮಧ್ಯಾಹ್ನವನ್ನು ನಾನು ಬೇರೆ ಕಂಡಿಲ್ಲ. ಅಮ್ಮ ಹಸಿ ನೀರು ಕುಡಿದಿದ್ದಾಳೆ, ನನ್ನ ಮಾತು ನಂಬಿ ಕುಡಿದಿದ್ದಾಳೆ, ಎರಡು ವರ್ಷದ ಕೂಸು ಹೋದ ಹಾಗೆ ಅವಳೂ ಹೋಗುತ್ತಾಳೆ. ನನಗೆ ಬೇರೆ ಯೋಚನೆ ಇರಲಿಲ್ಲ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟರೆ, ಕೆಮ್ಮಿದರೆ ಓಡಿ ಹೋಗಿ ಮುಖ ನೋಡುತ್ತಿದ್ದೆ. ಹೇಳಿಬಿಡಬೇಕು ಎಂದು ಎರಡು ಸಲ ಹತ್ತಿರ ಹೋದೆ. ಹೇಳಿದರೆ ಚಿಗವ್ವನಿಗೆ ನೀರಿಲ್ಲ, ಹೇಳದಿದ್ದರೆ ಅಮ್ಮ ಇಲ್ಲ. ಒಂದು ಕೆಂಪು ಹುಳವಾದರೂ ಬರಲಿ, ನನ್ನ ಸುಳ್ಳು ನಿಜವಾಗಲಿ ಎಂದು ಗೂಟವನ್ನೇ ನೋಡುತ್ತ ನಿಂತೆ. ಬಿಸಿಲು ಬೇವಿನ ಆಚೆಗೆ ಇಳಿಯಿತು. ಏನೂ ಬರಲಿಲ್ಲ. ಮುಂಜಾನೆ ಕಣ್ಣು ಬಿಟ್ಟಾಗ ಅಮ್ಮ ಅಂಗಳದಲ್ಲಿ ಕೂತು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದಳು. "ಶರಣವ್ವಾ, ಬಾ, ನೀರು ಕುಡಿ" ಎಂದು ಚಿಗವ್ವನನ್ನು ಕರೆದಳು. ಚಿಗವ್ವ ಒಂದೊಂದೇ ಗುಟುಕು ಕುಡಿದಳು. ನೀರು ಹೊಟ್ಟೆಯಲ್ಲಿ ನಿಂತಿತು. ನಾನು ಹೊದ್ದಿದ್ದ ಕೌದಿಯನ್ನು ಬಾಯಿಗೆ ತುರುಕಿಕೊಂಡು ಅತ್ತೆ. ಭಾದ್ರಪದದಲ್ಲಿ ಅವಳಿಗೆ ಹೆಣ್ಣು ಮಗು ಹುಟ್ಟಿತು, ಮನೆಯ ಅತಿ ಚಿಕ್ಕದು ಎಂಬ ಪಟ್ಟ ನನ್ನ ಕೈ ತಪ್ಪಿತು.

ದೀಪಾವಳಿ ಕಳೆದ ಮೇಲೆ ಅಪ್ಪ ಅಮ್ಮನ ಕಣ್ಣಿನ ಆಪರೇಷನ್ ಮಾಡಿಸಿಕೊಂಡು ಬಂದ. ಕೆಲವು ದಿನ ಹಸಿರು ಬಟ್ಟೆ, ಆಮೇಲೆ ಕಪ್ಪು ಚಸ್ಮಾ, ಕಡೆಗೆ ಕಣ್ಣನ್ನು ಕೊಡದ ಬಾಯಿಯಷ್ಟು ಮಾಡಿ ತೋರಿಸುವ ದಪ್ಪ ಗಾಜಿನ ಚಸ್ಮಾ. ಮೊದಲ ದಿನ ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿದಳು, ಅವ್ವ ಇಷ್ಟು ಕರ್ರಗಾಗಿದ್ದಾಳೆಯೇ ಎಂದು ಕೇಳಿ ಅವಳ ಸಿಟ್ಟಿಗೆ ಗುರಿಯಾದಳು. ಎರಡನೆಯ ದಿನ ಒಬ್ಬಳೇ ಎದ್ದು ಹೊಂಡದ ಕಡೆಗೆ ನಡೆದಳು. ಹಿಂದೆ ಓಡಿದೆ. ನನ್ನ ಹೆಗಲು ಅವಳಿಗೆ ಬೇಕಾಗಿರಲಿಲ್ಲ, ಅದು ನನಗೆ ಸ್ವಲ್ಪ ನೋವೂ ಆಯಿತು. ಮೇಲಿನ ಮೆಟ್ಟಿಲಿನ ಮೇಲೆ ಕೂತು ನೀರಿನೊಳಗೆ ಬಹಳ ಹೊತ್ತು ನೋಡಿದಳು.

"ಮೀನ ಅದಾವಲ್ಲ" ಎಂದಳು.

"ನಾನ ಬಿಟ್ಟೀನಿ. ಕಾಲುವಿ ತಗ್ಗಿನ್ಯಾಗ ಸಾಯಾಕತ್ತಿದ್ವು." ಒಂದು ಹೇಳಿದ ಮೇಲೆ ಇನ್ನೊಂದು ನಿಲ್ಲಲಿಲ್ಲ. "ಕೆಂಪು ಹುಳನೂ ಬಂದಿದ್ದಿಲ್ಲ ಅಮ್ಮ. ಸುಳ್ಳು ಹೇಳಿದ್ನಿ."

"ಅದು ಗೊತ್ತೈತಿ."

ನಾನು ಅವಳ ಮುಖ ನೋಡಿದೆ. ಆ ಗಾಜಿನ ಹಿಂದೆ ಕಣ್ಣು ಎಷ್ಟು ದೊಡ್ಡವಾಗಿದ್ದವು ಎಂದರೆ ಎಲ್ಲಿ ನೋಡುತ್ತಿದ್ದಾಳೆ ಎಂದು ತಿಳಿಯುತ್ತಿರಲಿಲ್ಲ. "ಪ್ರತಿ ವರ್ಷ ಊರ ಮಂದಿಗೆಲ್ಲ ಕೇಳೂವಂಗ ಒದರಾಕಿ, ಅವತ್ತು ಕಿವ್ಯಾಗ ಹೇಳಿದಂಗ ಹೇಳಿದಿ" ಎಂದಳು. "ಗೊತ್ತಾಗಂಗಿಲ್ಲೇನು?"

"ಮತ್ತ ಯಾಕ ತೆರದಿ?"

ಅಮ್ಮ ಚಸ್ಮಾ ತೆಗೆದು ಸೆರಗಿನಿಂದ ಒರಸಿಕೊಂಡಳು. "ಶರಣವ್ವ ಬಾಜೂಕ ಬಂದ್ರ ಒಣಗಿದ ಬಾಯಿ ವಾಸನಿ ಬರತಿತ್ತು. ನನ್ನ ಕೂಸಿಗೂ ಕಡೀಕ ಹಂಗ ಬರತಿತ್ತು. ನೀರು ಕುಡಿದು ಹೋದೀತು ಅಂತ ಅಂಜಿ, ನೀರಿಲ್ಲದ ಕೊಲ್ಲಾಕತ್ತಿದ್ದೆ ನಾನು. ಗೊತ್ತಾಗಿತ್ತು. ಆದ್ರ ತೆರೀರಿ ಅನ್ನಾಕ ನನ್ನ ಬಾಯಿ ಏಳಲಿಲ್ಲ. ನೀ ಅಂದಿ. ನಾ ಹೂಂ ಅಂದೆ." ಚಸ್ಮಾ ಮತ್ತೆ ಹಾಕಿಕೊಂಡು, "ನಿಮ್ಮಪ್ಪಗ ಹೇಳಬ್ಯಾಡ" ಎಂದಳು. ಮೂರು ಚೆಂಬು ನೀರನ್ನು ಅವಳು ಏನನ್ನು ತಿಳಿದು ಕುಡಿದಿದ್ದಳು ಎಂಬುದು ನನಗೆ ಆಗ ತಿಳಿಯಿತು. ನಾನು ಅವಳ ತೊಡೆಯ ಮೇಲೆ ಮುಖವಿಟ್ಟೆ, ಅವಳು ನನ್ನ ಜಡೆಯನ್ನು ಬಿಚ್ಚಿ ಮತ್ತೆ ಹೆಣೆದಳು. ಮೀನು ಇದ್ದಲ್ಲಿ ಹುಳದ ಮರಿ ಉಳಿಯುವುದಿಲ್ಲ ಎಂಬುದನ್ನು ಅವಳು ಅಂದೂ ಹೇಳಲಿಲ್ಲ. ಹೇಳಿದ್ದರೆ ನಾನು ಮಾಡಿದ್ದು ಎಷ್ಟು ದೊಡ್ಡ ತಪ್ಪು ಎಂದು ನನಗೆ ತಿಳಿಯುತ್ತಿತ್ತು. ಕಾಲೇಜಿನ ಪುಸ್ತಕದಲ್ಲಿ ಆ ಸಾಲು ಓದಿದ ದಿನ, ಅವಳು ಯಾಕೆ ಹೇಳಲಿಲ್ಲ ಎಂಬುದೂ ತಿಳಿಯಿತು.

ಆ ಚಳಿಗಾಲ ಹೊಂಡದ ನೀರು ಖಾಲಿ ಮಾಡಿಸಿ, ತಳ ಬಳಿಸಿ, ಮೀನುಗಳನ್ನು ಹಳೆಯ ಸೀರೆಯಲ್ಲಿ ಹಿಡಿದು ಕಾಲುವೆಗೆ ಬಿಟ್ಟರು. ಶಿವರಾತ್ರಿಗೆ ಮತ್ತೆ ನೀರು ಬಂತು. ಅದೇ ತಿಂಗಳು ಊರಿಗೆ ನಳವೂ ಬಂತು. ನಮ್ಮ ಮನೆಯ ಬಾಗಿಲಲ್ಲೇ ತಿರುವಿದರೆ ನೀರು. ಅವ್ವ ಮೊದಲ ಕೊಡ ತುಂಬಿಸಿಕೊಂಡು ಒಳಗೆ ಹೋಗುವಾಗ ಅವಳ ನಡಿಗೆಯೇ ಬೇರೆ ಇತ್ತು, ಅದನ್ನು ನಾನು ತಪ್ಪು ಎನ್ನಲಾರೆ, ಇಪ್ಪತ್ತು ವರ್ಷ ನೀರು ಹೊತ್ತ ಸೊಂಟ ಅದು. ಹೊಂಡವನ್ನು ಯಾವಾಗ ತೆರೆಯಬೇಕು ಎಂದು ಅಮ್ಮನನ್ನು ಯಾರೂ ಕೇಳಲಿಲ್ಲ. ಅವಳು ಮಾತ್ರ ದಿನಾಲೂ ಹೋಗಿ ಕೂಡುತ್ತಿದ್ದಳು, ಈಗ ತನ್ನದೇ ಕಣ್ಣಿನಿಂದ ನೋಡುತ್ತ. ಬಳಿಸಿದ ಹೊಂಡಕ್ಕೆ ಆ ವರ್ಷ ಹುಳ ಬರಲಿಲ್ಲ. ಕಣ್ಣು ಬಂದಾಗ ಹುಳ ಇಲ್ಲ, ಹುಳ ಇದ್ದಾಗ ಕಣ್ಣಿರಲಿಲ್ಲ ಎಂದು ಅವಳೇ ನಕ್ಕಳು. ನನಗೆ ನಗು ಬರಲಿಲ್ಲ. ಶ್ರಾವಣದ ಎರಡನೆಯ ಸೋಮವಾರ, ಊಟ ಮಾಡಿ ಮಲಗಿದ ಅಮ್ಮ ಏಳಲಿಲ್ಲ. ಅವಳ ಚಸ್ಮಾ ದಿಂಬಿನ ಪಕ್ಕದಲ್ಲಿ ಮಡಿಚಿಟ್ಟಿತ್ತು, ಒಂದು ವರ್ಷ ಕೂಡ ಬಳಸಿರಲಿಲ್ಲ.

ಮುಂದಿನ ವರ್ಷವೂ ಅಪ್ಪ ರೂಢಿ ಬಿಡಬಾರದು ಎಂದು ಹೊಂಡಕ್ಕೆ ನೀರು ಬಿಟ್ಟ, ಗಿಡಗಳಿಗಾದರೂ ಆಗುತ್ತದೆ ಎಂದ. ಯುಗಾದಿಗೆ ನಾಲ್ಕು ದಿನ ಇತ್ತು. ಪರೀಕ್ಷೆಗೆ ಓದುವ ನೆಪದಲ್ಲಿ ಮೆಟ್ಟಿಲಿನ ಮೇಲೆ ಕೂತಿದ್ದೆ. ಪುಸ್ತಕದಿಂದ ಕಣ್ಣೆತ್ತಿದರೆ ಜಾಲಿ ಗೂಟದ ತುದಿಯಲ್ಲಿ ಕೆಂಪು ಹುಳ ಕೂತಿತ್ತು. ರೆಕ್ಕೆಗಳನ್ನು ಮುಂದಕ್ಕೆ ಬಾಗಿಸಿ, ಮೈಯೆಲ್ಲ ಆಗಷ್ಟೇ ಬಣ್ಣ ಅದ್ದಿ ತೆಗೆದ ಹಾಗೆ. ಹಾರಿತು, ಒಂದು ಸುತ್ತು ಹಾಕಿತು, ಮತ್ತೆ ಅಲ್ಲೇ ಬಂದು ಕೂತಿತು. ನನ್ನ ಪಕ್ಕದ ಕಲ್ಲಿನ ಕಡೆಗೆ ತಿರುಗಿದ್ದು ನಾನಾಗಿ ಅಲ್ಲ, ಕತ್ತು ತಾನೇ ತಿರುಗಿತು. ಅವ್ವ ಒಗ್ಗರಣೆಗೆ ಕರಿಬೇವು ಹರಿಯಲು ಬಂದವಳು ನನ್ನ ಹಿಂದೆ ನಿಂತಿದ್ದಳು. ಅತ್ತೆಯ ಹುಳದ ಲೆಕ್ಕವನ್ನು ಬದುಕಿನುದ್ದಕ್ಕೂ ಬೈದುಕೊಂಡೇ ಬಂದವಳು ಅವಳು. ಕೈಯಲ್ಲಿ ಕರಿಬೇವಿನ ಎಸಳು ಹಿಡಿದು ಗೂಟವನ್ನು ನೋಡಿದಳು, ಹುಳ ಎರಡನೆಯ ಸಲ ಹಾರಿ ಬಂದು ಕೂಡುವ ತನಕ ನೋಡಿದಳು. ಆಮೇಲೆ, ನನಗಲ್ಲ, ಅಲ್ಲಿ ಇಲ್ಲದವರಿಗೆ ಸುದ್ದಿ ಮುಟ್ಟಿಸುವಂತೆ, "ನೀರು ಮಾಗ್ಯಾವ ನೋಡ್ರೀ ಅತ್ತಿ" ಎಂದಳು. ಸೆರಗಿನಿಂದ ಮುಖ ಒರಸಿಕೊಂಡು ಒಳಗೆ ಹೋದಳು. ಅಂದು ನಾವೆಲ್ಲ ಊಟಕ್ಕೆ ಕೂತಾಗ ಕುಡಿದದ್ದು ನಳದ ನೀರು.